ಹೆಸರು ಹೇಳಿ ಹಾಡು ಮುಗಿಸಿದವಳು

ಹೈದರಾಬಾದಿನ ಅಬಿಡ್ಸ್‌ನಲ್ಲಿ ಭಾನುವಾರ ಅಂಗಡಿಗಳು ಬಾಗಿಲು ಹಾಕಿದರೆ ಫುಟ್‌ಪಾತ್ ತೆರೆದುಕೊಳ್ಳುತ್ತದೆ. ಇಳಿಸಿದ ಶಟರ್‌ಗಳ ಮುಂದೆ ಪ್ಲಾಸ್ಟಿಕ್ ಹಾಳೆ ಹಾಸಿ ಹಳೆಯ ಪುಸ್ತಕ ಹರಡುತ್ತಾರೆ. ಎಂಜಿನಿಯರಿಂಗ್ ಪಠ್ಯ, ಉರ್ದು ಕಾದಂಬರಿ, ತೆಲುಗು ವಾರಪತ್ರಿಕೆ, ಯಾರದೋ ಮನೆಯ ನಿಘಂಟು. ನಾನು ಅಲ್ಲಿಗೆ ಹೋಗುವುದು ಪುಸ್ತಕಕ್ಕಲ್ಲ, ಪುಸ್ತಕದ ರಾಶಿಯ ಅಡಿಯಲ್ಲಿ ಒಮ್ಮೊಮ್ಮೆ ಸಿಗುವ ಹಳೆಯ ಎಲ್‌ಪಿ ರೆಕಾರ್ಡುಗಳಿಗೆ. ಎಂ.ಟೆಕ್ ಓದುವಾಗ ಹಾಸ್ಟೆಲ್‌ನಲ್ಲಿ ಹತ್ತಿದ ಗೀಳು ಅದು. ಪಿಂಕ್ ಫ್ಲಾಯ್ಡ್, ಯೆಸ್, ಜೆತ್ರೊ ಟಲ್, ಕಿಂಗ್ ಕ್ರಿಮ್ಸನ್, ಹೀಗೆ 1970ರ ಆಸುಪಾಸಿನ ಪ್ರೊಗ್ರೆಸಿವ್ ರಾಕ್. ಆಗ ಕೇಳುತ್ತಿದ್ದದ್ದು ಎಂಪಿ3ಯಲ್ಲಿ. ಹೈದರಾಬಾದಿಗೆ ಬಂದು ಸಂಬಳ ಕೈಗೆ ಸಿಕ್ಕ ಮೇಲೆ, ಆ ಸಂಗೀತ ಮೊದಲು ಹೊರಬಂದ ರೂಪದಲ್ಲೇ, ಅಂದರೆ ಹನ್ನೆರಡು ಇಂಚಿನ ವಿನೈಲ್ ತಟ್ಟೆಯಲ್ಲೇ ಕೇಳಬೇಕೆನಿಸಿತು. ಈಗ ಕೊಂಡಾಪುರದ ನಮ್ಮ ಫ್ಲ್ಯಾಟ್‌ನಲ್ಲಿ ಒಂದು ಗೋಡೆ ಪೂರ್ತಿ ಅವೇ ಇವೆ. ಹೆಂಡತಿಯ ಸೀರೆಗೆ ಬೀರು ಒಂದೇ, ನನ್ನ ತಟ್ಟೆಗಳಿಗೆ ಎರಡು ಎಂಬುದು ಮನೆಗೆ ಬಂದವರಿಗೆಲ್ಲ ಗೊತ್ತು.

ಆ ಭಾನುವಾರ ಸಿಕ್ಕಿದ್ದು ವಿನೈಲ್ ಅಲ್ಲ. ಎತ್ತಿದ ಕೂಡಲೇ ತೂಕದಲ್ಲೇ ತಿಳಿಯಿತು. ಹತ್ತು ಇಂಚು ಅಗಲ, ದಪ್ಪ, ಬಾಗದ ಜಾತಿ. ಒಂದೇ ಮುಖದಲ್ಲಿ ಗೆರೆಗಳಿದ್ದವು, ಹಿಂಬದಿ ಬೋಳು. ನಡುವಿನ ಲೇಬಲ್ಲಿನಲ್ಲಿ ರೆಕ್ಕೆಯಿರುವ ಪುಟ್ಟ ದೇವತೆಯೊಂದು ಗರಿ ಹಿಡಿದು ತಟ್ಟೆಯ ಮೇಲೆ ಬರೆಯುತ್ತಾ ಕೂತಿತ್ತು. ನಾಯಿ ಗ್ರಾಮಾಫೋನಿನ ಮುಂದೆ ಕೂತ ಚಿತ್ರ ಬರುವುದಕ್ಕೂ ಮುಂಚಿನ ಮುದ್ರೆ ಅದು. ಅದರ ಕೆಳಗೆ ಗೌಹರ್ ಜಾನ್, ಕಲ್ಕತ್ತಾ ಎಂದು ಓದಲಿಕ್ಕೆ ಬರುವಷ್ಟು ಅಕ್ಷರ ಉಳಿದಿತ್ತು. ಅಂಗಡಿಯವನು ನಾನೂರು ಹೇಳಿ, ಇದು ಹಾಡುವುದಿಲ್ಲ, ಗೋಡೆ ಗಡಿಯಾರ ಮಾಡಿಸಿಕೊಳ್ಳಿ ಎಂದು ತಾನೇ ಸಲಹೆ ಕೊಟ್ಟು ಇನ್ನೂರೈವತ್ತಕ್ಕೆ ಕೊಟ್ಟ.

ಆ ಹೆಸರು ನನಗೆ ಹೊಸದಲ್ಲ. 2018ರ ಜೂನ್ 26ರಂದು ಆಫೀಸಿನಲ್ಲಿ ಕಂಪ್ಯೂಟರ್ ತೆರೆದಾಗ ಗೂಗಲ್ ತನ್ನ ಮುಖಪುಟದಲ್ಲಿ ಆಕೆಯ ಚಿತ್ರ ಹಾಕಿತ್ತು. ಹುಟ್ಟಿ 145 ವರ್ಷವಾಗಿತ್ತಂತೆ. ಕುತೂಹಲಕ್ಕೆ ಓದಿದೆ. ಕೊನೆಯ ಸಾಲಿಗೆ ಬಂದಾಗ ಕೈ ನಿಂತಿತು. ಆಕೆ ಸತ್ತದ್ದು ಮೈಸೂರಿನಲ್ಲಿ, ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ. ನಾನು ಹುಟ್ಟಿದ್ದು ಅದರ ಪಕ್ಕದ ಚೆಲುವಾಂಬ ಆಸ್ಪತ್ರೆಯಲ್ಲಿ. ಇಪ್ಪತ್ತೆರಡು ವರ್ಷ ಆ ಊರಿನಲ್ಲಿದ್ದೆ. ದೊಡ್ಡಾಸ್ಪತ್ರೆಯ ಮುಂದೆ ನೂರಾರು ಸಲ ಬಸ್ಸು ಹತ್ತಿ ಇಳಿದಿದ್ದೇನೆ. ಯಾರೂ ಒಂದು ದಿನ ಈ ಹೆಸರು ಹೇಳಿದ್ದಿಲ್ಲ. ನಾನೂ ಕೇಳಿದವನಲ್ಲ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಮೈಸೂರಿನ ನಮ್ಮ ಮನೆಯ ಅಟ್ಟದ ಮೇಲೆ ತಾತನ ಕಾಲದ ಒಂದು ಮರದ ಪೆಟ್ಟಿಗೆ ಇತ್ತು. ಅದರ ತುಂಬ ಗ್ರಾಮಾಫೋನ್ ಪ್ಲೇಟು. ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಪ್ಪ ಫೋನ್ ಮಾಡಿ, ಇದನ್ನೇನು ಮಾಡಲಿ ಎಂದು ಕೇಳಿದರು. ನಾನು ಮೀಟಿಂಗಿನಲ್ಲಿದ್ದೆ. ಮೆಷಿನ್ನೇ ಇಲ್ಲ, ಪ್ಲೇಟು ಇಟ್ಟುಕೊಂಡು ಏನು ಮಾಡ್ತೀರಿ, ಗುಜರಿಗೆ ಹಾಕಿ ಎಂದೆ. ಅಪ್ಪ ಮಗನ ಮಾತಿನಂತೆ ಗುಜರಿಗೆ ಹಾಕಿದರು. ಅದರಲ್ಲಿ ಏನೇನಿತ್ತು ಎಂದು ಅಪ್ಪನೂ ನೋಡಲಿಲ್ಲ, ನಾನೂ ಕೇಳಲಿಲ್ಲ. ಲಂಡನ್ನಿನಲ್ಲಿ ಮುದ್ರಿಸಿದ ತಟ್ಟೆಗಾಗಿ ತಿಂಗಳುಗಟ್ಟಲೆ ಹುಡುಕುವ ನನಗೆ, ತಾತ ದುಡ್ಡು ಕೊಟ್ಟು ಕೊಂಡಿದ್ದ ಸಂಗೀತ ಯಾವುದು ಎಂಬುದು ಇವತ್ತಿಗೂ ಗೊತ್ತಿಲ್ಲ.

ಹಾಗಾಗಿ ಗೌಹರ್ ಜಾನ್‌ಳ ತಟ್ಟೆಯನ್ನು ಮನೆಗೆ ತಂದಾಗ ಕೈ ಸ್ವಲ್ಪ ಅವಸರಪಟ್ಟಿತು. ಎಲ್‌ಪಿಗಳನ್ನು ಒರೆಸಲು ನಾನು ಬಳಸುವುದು ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿದ ದ್ರಾವಣ. ವಿನೈಲ್‌ಗೆ ಅದರಿಂದ ತೊಂದರೆ ಬಂದದ್ದಿಲ್ಲ. ಅದನ್ನೇ ಬಟ್ಟೆಗೆ ಹಾಕಿಕೊಂಡು ಲೇಬಲ್ಲಿನ ಪಕ್ಕದಿಂದ ಶುರು ಮಾಡಿದೆ. ಎರಡು ಸುತ್ತು ಒರೆಸುವಷ್ಟರಲ್ಲಿ ಬಟ್ಟೆ ಕಪ್ಪಾಯಿತು. ಕೊಳೆ ಬಿಡುತ್ತಿದೆ ಎಂದುಕೊಂಡೆ. ಕೊಳೆಯಲ್ಲ, ತಟ್ಟೆಯೇ ಕರಗಿ ಬರುತ್ತಿತ್ತು.

ಹಳೆಯ 78 ಆರ್‌ಪಿಎಂ ತಟ್ಟೆಗಳನ್ನು ಮಾಡುತ್ತಿದ್ದದ್ದು ಶೆಲ್ಯಾಕ್‌ನಿಂದ. ಶೆಲ್ಯಾಕ್ ಎಂದರೆ ಅರಗು. ಚನ್ನಪಟ್ಟಣದ ಗೊಂಬೆಗೆ ಬಣ್ಣ ಬೆರೆಸಿ ಹಚ್ಚುತ್ತಾರಲ್ಲ, ಪಾಂಡವರನ್ನು ಸುಡಲು ಮನೆ ಕಟ್ಟಿದರಲ್ಲ, ಅದೇ ಅರಗು. ಮರದ ಕೊಂಬೆಯಲ್ಲಿ ಒಂದು ಪುಟ್ಟ ಹುಳು ಕಟ್ಟುವ ಅಂಟು. ಇದಕ್ಕೆ ಕಲ್ಲಿನ ನುಣ್ಣನೆಯ ಪುಡಿ, ಕಾಡಿಗೆಯಂಥ ಕಪ್ಪು ಬೆರೆಸಿ, ಬಿಸಿಯಲ್ಲಿ ಒತ್ತಿ ತಟ್ಟೆ ಮಾಡುತ್ತಿದ್ದರು. ನೀರಿಗೆ ಜಗ್ಗದ ಅರಗು ಸ್ಪಿರಿಟ್‌ಗೆ ಕರಗುತ್ತದೆ. ಬಡಗಿಗಳು ಫ್ರೆಂಚ್ ಪಾಲಿಶ್ ಮಾಡುವುದೇ ಹಾಗೆ, ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ. ಯಾವ ಬಡಗಿಯನ್ನು ಕೇಳಿದ್ದರೂ ಹೇಳುತ್ತಿದ್ದ. ಎಂ.ಟೆಕ್ ಮಾಡಿದ ನಾನು ಕೇಳಲಿಲ್ಲ.

ಲೇಬಲ್ಲಿಗೆ ಅಂಟಿಕೊಂಡ ಒಳಸುತ್ತಿನ ಗೆರೆಗಳು ಮಂಕಾಗಿ ಬೂದಿ ಬಣ್ಣಕ್ಕೆ ತಿರುಗಿದವು. ಹಾಡಿನ ಕೊನೆ ಇರುವುದು ಅಲ್ಲೇ. ಗೌಹರ್ ಜಾನ್ ತನ್ನ ಹೆಸರು ಹೇಳುವುದೂ ಅಲ್ಲೇ. ಅದು ಎಂಥ ಜಾಗ ಎಂದು ತಿಳಿಯಲು ಆಕೆಯ ಕಥೆಯನ್ನು ಮೊದಲಿನಿಂದ ಹೇಳಬೇಕು.

ಆಕೆ ಹುಟ್ಟಿದ್ದು 1873ರಲ್ಲಿ, ಈಗಿನ ಉತ್ತರ ಪ್ರದೇಶದ ಆಜಂಗಢದಲ್ಲಿ. ಆಗ ಇಟ್ಟ ಹೆಸರು ಏಂಜಲೀನಾ ಯೋವರ್ಡ್. ತಂದೆ ರಾಬರ್ಟ್ ವಿಲಿಯಂ ಯೋವರ್ಡ್ ಆರ್ಮೇನಿಯನ್ ಮೂಲದವನು, ಎಂಜಿನಿಯರ್. ತಾಯಿ ವಿಕ್ಟೋರಿಯಾ ಹೆಮಿಂಗ್ಸ್ ಭಾರತದಲ್ಲೇ ಹುಟ್ಟಿ ಸಂಗೀತ, ನೃತ್ಯ ಕಲಿತವಳು. ಮಗು ಆರು ವರ್ಷದ್ದಿರುವಾಗ, 1879ರಲ್ಲಿ ಆ ಮದುವೆ ಮುರಿಯಿತು. ಎರಡು ವರ್ಷದ ಬಳಿಕ ವಿಕ್ಟೋರಿಯಾ ಮಗಳನ್ನು ಕರೆದುಕೊಂಡು, ತನ್ನ ಸಂಗೀತವನ್ನು ಮೆಚ್ಚಿದ್ದ ಖುರ್ಷಿದ್ ಎಂಬ ಗೃಹಸ್ಥನ ಆಸರೆಯಲ್ಲಿ ಬನಾರಸಿಗೆ ಬಂದಳು. ಅಲ್ಲಿ ಇಸ್ಲಾಂ ಸ್ವೀಕರಿಸಿ ಮಲ್ಕಾ ಜಾನ್ ಆದಳು. ಏಂಜಲೀನಾ ಗೌಹರ್ ಆದಳು.

ಮಲ್ಕಾ ಜಾನ್ ಬರೀ ಹಾಡುವವಳಲ್ಲ, ಉರ್ದುವಿನಲ್ಲಿ ಕಾವ್ಯ ಬರೆದು 1886ರಲ್ಲಿ ಸಂಕಲನವನ್ನೇ ಪ್ರಕಟಿಸಿದವಳು. ಅದೇ ಹೆಸರಿನ ಬೇರೆ ಗಾಯಕಿಯರೂ ಇದ್ದುದರಿಂದ ಈಕೆಯನ್ನು ಬಡೀ ಮಲ್ಕಾ ಜಾನ್ ಎನ್ನುತ್ತಿದ್ದರು. 1883ರಲ್ಲಿ ತಾಯಿ ಮಗಳು ಕಲ್ಕತ್ತಾಕ್ಕೆ ಬಂದರು. ಲಖನೌದ ಗದ್ದುಗೆ ಕಳೆದುಕೊಂಡ ನವಾಬ ವಾಜಿದ್ ಅಲಿ ಶಾ ಅಲ್ಲಿನ ಮಟಿಯಾಬುರ್ಜ್‌ನಲ್ಲಿ ತನ್ನದೊಂದು ಪುಟ್ಟ ಲಖನೌ ಕಟ್ಟಿಕೊಂಡಿದ್ದ ಕಾಲ. ಕೆಲವೇ ವರ್ಷದಲ್ಲಿ ಮಲ್ಕಾ ಚಿತ್ಪುರ ರಸ್ತೆಯಲ್ಲಿ ಸ್ವಂತ ಮನೆ ಕೊಂಡಳು. ಗೌಹರ್ ಕಲಿತದ್ದು ಆ ಮನೆಯಲ್ಲಿ. ಪಟಿಯಾಲಾದ ಕಾಲೇ ಖಾನರ ಬಳಿ ಖಯಾಲ್, ಬಿಂದಾದಿನ್ ಮಹಾರಾಜರ ಬಳಿ ಕಥಕ್, ಬೇರೆ ಗುರುಗಳ ಬಳಿ ಧ್ರುಪದ್, ಬಂಗಾಳಿ ಕೀರ್ತನ. ಹದಿನಾಲ್ಕು ದಾಟುವ ಹೊತ್ತಿಗೆ ದರ್ಭಂಗಾ ಮಹಾರಾಜರ ಆಸ್ಥಾನದಲ್ಲಿ ಮೊದಲ ಕಛೇರಿ ಮಾಡಿ ಅಲ್ಲಿನ ಆಸ್ಥಾನಕ್ಕೆ ಸೇರಿದಳು.

ಇನ್ನು 1902. ಲಂಡನ್ನಿನ ಗ್ರಾಮಾಫೋನ್ ಕಂಪನಿ ಫ್ರೆಡ್ ಗೈಸ್‌ಬರ್ಗ್ ಎಂಬ ಅಮೆರಿಕನ್ನನನ್ನು ಪೂರ್ವ ದೇಶಗಳ ಸಂಗೀತ ಹಿಡಿದು ತರಲು ಕಳಿಸಿತು. ನವೆಂಬರಿನಲ್ಲಿ ಆತ ಕಲ್ಕತ್ತಾದ ಹೋಟೆಲಿನಲ್ಲಿ ಕೋಣೆ ಹಿಡಿದು ಅದನ್ನೇ ಸ್ಟುಡಿಯೊ ಮಾಡಿದ. ಗೌಹರ್‌ಗೆ ಆಗ 29. ದೇಶದಲ್ಲಿ ವ್ಯಾಪಾರಕ್ಕಾಗಿ ತಟ್ಟೆಗೆ ಹಾಡಿದ ಮೊದಲಿಗರಲ್ಲಿ ಆಕೆ ಒಬ್ಬಳು, ಅವರೆಲ್ಲರಲ್ಲಿ ಹೆಸರಾದವಳು. ಧ್ವನಿ ಹಾಳಾಗುತ್ತದೆ, ವಿದ್ಯೆ ಬೀದಿಗೆ ಬೀಳುತ್ತದೆ ಎಂದು ಕೆಲವು ಉಸ್ತಾದರು ಆ ಯಂತ್ರದ ಹತ್ತಿರವೂ ಹೋಗದಿದ್ದ ಕಾಲವದು.

ಆಗ ಮೈಕ್ ಇರಲಿಲ್ಲ, ಕರೆಂಟಿನ ಮಾತೇ ಇಲ್ಲ. ಗೋಡೆಯಿಂದ ಹೊರಟ ದೊಡ್ಡ ತುತ್ತೂರಿಯ ಬಾಯಿಗೆ ಮುಖ ಇಟ್ಟು ಗಟ್ಟಿಯಾಗಿ ಹಾಡಬೇಕು. ಆ ದನಿಯ ನಡುಕಕ್ಕೆ ತುತ್ತೂರಿಯ ತುದಿಯ ತೆಳುಪೊರೆ ನಡುಗುತ್ತದೆ, ಪೊರೆಗೆ ಅಂಟಿದ ಸೂಜಿ ತಿರುಗುವ ಮೇಣದ ಮೇಲೆ ಗೆರೆ ಕೊರೆಯುತ್ತದೆ. ನಡುವೆ ಬೇರೆ ಏನೂ ಇಲ್ಲ. ಸಾಫ್ಟ್‌ವೇರಿನವನಾದ ನನಗೆ ಇದು ಪ್ರತಿಸಲವೂ ಆಶ್ಚರ್ಯ. ನಾವು ದನಿಯನ್ನು ಸಂಖ್ಯೆ ಮಾಡಿ ಇಡುತ್ತೇವೆ, ಕೇಳುವಾಗ ಸಂಖ್ಯೆಯಿಂದ ದನಿ ಕಟ್ಟುತ್ತೇವೆ. ಗೌಹರ್‌ಳ ತಟ್ಟೆಯಲ್ಲಿರುವುದು ಆಕೆಯ ಉಸಿರು ತಳ್ಳಿದ ಸೂಜಿಯ ಹಾದಿ, ಅಷ್ಟೇ.

ಹತ್ತು ಇಂಚಿನ ತಟ್ಟೆಯಲ್ಲಿ ಹಿಡಿಸುವುದು ಸುಮಾರು ಮೂರು ನಿಮಿಷ. ನನ್ನ ಬೀರುವಿನಲ್ಲಿ ಜೆತ್ರೊ ಟಲ್‌ನವರ 1972ರ ಒಂದು ಎಲ್‌ಪಿ ಇದೆ. ಎರಡೂ ಮುಖ ಸೇರಿ ನಲವತ್ತು ನಿಮಿಷಕ್ಕೂ ಮೀರಿ ಒಂದೇ ಹಾಡು. ಅವರು ತಟ್ಟೆ ಹಿಡಿದಷ್ಟೂ ಹಾಡನ್ನು ಬೆಳೆಸಿದರು. ಗೌಹರ್‌ಳದು ತದ್ವಿರುದ್ಧದ ಕಷ್ಟ. ರಾತ್ರಿಯಿಡೀ ಹಿಗ್ಗಿಸಬಹುದಾದ ರಾಗ ಕೈಯಲ್ಲಿದೆ, ಕೊಟ್ಟ ಸಮಯ ಮೂರು ನಿಮಿಷ. ಆಕೆ ಆಲಾಪವನ್ನು ನಾಲ್ಕು ಹೆಜ್ಜೆಗೆ ಇಳಿಸಿ, ಬಂದಿಶ್ ಎತ್ತಿ, ವೇಗದ ತಾನ್ ಹಾರಿಸಿ, ಸಮಯಕ್ಕೆ ಸರಿಯಾಗಿ ಮುಗಿಸುವುದನ್ನು ಕಲಿತಳು. ಹಿಂದೂಸ್ತಾನಿ ಸಂಗೀತವನ್ನು ಮೂರು ನಿಮಿಷದಲ್ಲಿ ಹೇಳುವ ಮಾದರಿಯನ್ನು ಕೊಟ್ಟವರಲ್ಲಿ ಆಕೆ ಮುಂದಿನ ಸಾಲಿನವಳು. ಮುಂದೆ ತಟ್ಟೆಗೆ ಹಾಡಿದವರು ನಡೆದದ್ದು ಹೆಚ್ಚುಕಡಿಮೆ ಅದೇ ದಾರಿಯಲ್ಲಿ.

ಹಾಡು ಮುಗಿದ ಕೂಡಲೇ, ಉಸಿರು ತಿರುಗಿಸಿಕೊಳ್ಳುವ ಮುಂಚೆ, ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಾಳೆ. ಇದಕ್ಕೆ ಕಾರಣ ಜಂಬವಲ್ಲ. ಕಲ್ಕತ್ತಾದಲ್ಲಿ ಕೊರೆದ ಅಚ್ಚುಗಳನ್ನು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಕಳಿಸಿ ಅಲ್ಲಿ ತಟ್ಟೆ ಒತ್ತಿಸುತ್ತಿದ್ದರು. ಅಲ್ಲಿನ ಕೆಲಸಗಾರರಿಗೆ ಹಾಡಿನ ಭಾಷೆ ತಿಳಿಯದು, ಹಾಡಿದವರು ಯಾರೆಂದು ಗೊತ್ತಾಗದು. ಯಾವ ಅಚ್ಚಿಗೆ ಯಾವ ಲೇಬಲ್ ಅಂಟಿಸಬೇಕೆಂದು ತಿಳಿಯಲು ಹಾಡುಗಾರರೇ ಕೊನೆಗೆ ಹೆಸರು ಕೂಗಬೇಕಿತ್ತು. ನಾವು ಫೈಲಿಗೆ ಹೆಸರು ಕೊಟ್ಟು ಸೇವ್ ಮಾಡುವ ಹಾಗೆ. ಕಂಪನಿಗೆ ಬೇಕಾಗಿದ್ದದ್ದು ಗುರುತಿನ ಚೀಟಿ. ಜನಕ್ಕೆ ಹಿಡಿಸಿದ್ದು ಆ ದನಿಯ ಠೀವಿ. ಮನೆಗಳಲ್ಲಿ ಪ್ಲೇಟು ಹಾಕಿದವರು ಹಾಡಿಗೆ ಕಾದಷ್ಟೇ ಆ ಕೊನೆಯ ಕೂಗಿಗೂ ಕಾಯತೊಡಗಿದರು.

1902ರಿಂದ 1920ರ ವರೆಗೆ ಆಕೆ ಆರುನೂರರಷ್ಟು ಹಾಡುಗಳನ್ನು ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ತಟ್ಟೆಗೆ ಕೊಟ್ಟಳು. ಖಯಾಲ್, ಠುಮ್ರಿ, ದಾದ್ರಾ, ಕಜರಿ, ಭಜನೆ ಎಲ್ಲವೂ ಅದರಲ್ಲಿದ್ದವು. ಗೌಹರ್ ಪ್ಯಾರಿ ಎಂಬ ಅಂಕಿತದಲ್ಲಿ ತಾನೇ ರಚಿಸಿದವೂ ಇದ್ದವು. ತಟ್ಟೆಯ ವ್ಯಾಪಾರ ಎಷ್ಟು ಬೆಳೆಯಿತೆಂದರೆ 1908ರಲ್ಲಿ ಕಂಪನಿ ಕಲ್ಕತ್ತಾದಲ್ಲೇ ಕಾರ್ಖಾನೆ ತೆರೆಯಿತು. ಆಕೆಯ ಚಿತ್ರ ಪೋಸ್ಟ್‌ಕಾರ್ಡುಗಳ ಮೇಲೆ ಬಂತು. ರೆಕಾರ್ಡಿಂಗಿಗೆ ಬಂದಾಗ ಒಂದು ದಿನ ತೊಟ್ಟ ಒಡವೆಯನ್ನು ಇನ್ನೊಂದು ದಿನ ತೊಡುತ್ತಿರಲಿಲ್ಲ ಎಂದು ಗೈಸ್‌ಬರ್ಗ್ ಬೆರಗಾಗಿ ಬರೆದಿಟ್ಟಿದ್ದಾನೆ. ತನ್ನ ಬೆಕ್ಕು ಮರಿ ಹಾಕಿದ್ದಕ್ಕೆ ಸಾವಿರಾರು ರೂಪಾಯಿ ಸುರಿದು ಊರಿಗೆ ಔತಣ ಹಾಕಿಸಿದಳು, ನಾಲ್ಕು ಕುದುರೆಯ ಸಾರೋಟಿನಲ್ಲಿ ತಿರುಗಿ ದಂಡ ಕಟ್ಟಿದಳು ಎಂಬ ಕಥೆಗಳೂ ಕಲ್ಕತ್ತಾದಲ್ಲಿ ಹುಟ್ಟಿಕೊಂಡವು. 1911ರ ಡಿಸೆಂಬರಿನಲ್ಲಿ ಐದನೇ ಜಾರ್ಜ್ ದೊರೆಯ ದೆಹಲಿ ದರ್ಬಾರಿನಲ್ಲಿ ಅಲಹಾಬಾದಿನ ಜಾನಕೀ ಬಾಯಿಯ ಜೊತೆ ಹಾಡಲು ಕರೆ ಬಂದದ್ದು ಈಕೆಗೆ.

ಹೊರಗೆ ಇಷ್ಟೆಲ್ಲ ಇದ್ದರೂ ಒಳಗೆ ಆಕೆಯ ಹೆಸರಿಗೇ ತಕರಾರು ಬಿತ್ತು. 1906ರಲ್ಲಿ ಮಲ್ಕಾ ಜಾನ್ ತೀರಿಕೊಂಡಳು. ಮನೆಯ ಕೆಲಸದಾಕೆಯ ಮಗ, ಮಲ್ಕಾ ಸಾಕಿದ ಭಗ್ಲು ಎಂಬವನು, ತಾನೇ ಮಲ್ಕಾಳ ನಿಜವಾದ ವಾರಸುದಾರ, ಗೌಹರ್ ಅಲ್ಲ ಎಂದು ಕೋರ್ಟಿಗೆ ಹೋದ. ದೇಶವೆಲ್ಲ ಹೆಸರು ಬಲ್ಲ ಗಾಯಕಿ ತಾನು ಯಾರ ಮಗಳೆಂದು ನ್ಯಾಯಾಧೀಶರ ಮುಂದೆ ರುಜುವಾತು ಮಾಡಬೇಕಾಯಿತು. ಆರು ವರ್ಷದವಳಿದ್ದಾಗ ದೂರವಾದ ತಂದೆಯನ್ನು ಹುಡುಕಿಸಿದಳು. ಆತ ಸಾಕ್ಷಿ ಹೇಳಲು ಹಣದ ಮಾತಾಡಿದ ಎಂದು ಜೀವನಚರಿತ್ರೆಕಾರರು ಬರೆಯುತ್ತಾರೆ. ಕೊನೆಗೆ ಕಟಕಟೆಯಲ್ಲಿ ನಿಂತು ಈಕೆ ತನ್ನ ಮಗಳೆಂದು ಒಪ್ಪಿಕೊಂಡ. ಕೇಸು ಗೆದ್ದಳು. ತಟ್ಟೆಯ ಕೊನೆಯ ಆ ಕೂಗನ್ನು ಇದನ್ನು ಓದಿದ ಮೇಲೆ ಕೇಳಿದರೆ ಬೇರೆಯೇ ಅನ್ನಿಸುತ್ತದೆ.

ಮುಂಬೈಯ ಪಾರ್ಸಿ ರಂಗಭೂಮಿಯ ನಟ ಅಮೃತ್ ಕೇಶವ್ ನಾಯಕ್ ಆಕೆಯ ಮನಸ್ಸಿಗೆ ಹತ್ತಿರವಾದವನು. ಆತ 1907ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಆಮೇಲೆ ತನ್ನ ಕಾರ್ಯದರ್ಶಿ, ವಯಸ್ಸಿನಲ್ಲಿ ಕಿರಿಯ ಸೈಯದ್ ಗುಲಾಂ ಅಬ್ಬಾಸ್‌ನನ್ನು ವರಿಸಿದಳು. ಆ ಸಂಬಂಧ ಮುರಿದು ಆಸ್ತಿಯ ಮೇಲೆ ಮತ್ತೆ ಕೋರ್ಟು ಶುರುವಾಯಿತು. ವರ್ಷಗಟ್ಟಲೆ ವಕೀಲರ ಫೀಸಿಗೆ ಒಡವೆ ಹೋಯಿತು, ಮನೆ ಹೋಯಿತು. ಕಲ್ಕತ್ತಾ ಬಿಟ್ಟು ದರ್ಭಂಗಾ, ರಾಂಪುರ, ಮುಂಬೈ ಎಂದು ಅಲೆದಳು. ತಟ್ಟೆಗೆ ಹಾಡುವುದೂ ನಿಂತಿತ್ತು. 1925ರಲ್ಲಿ ಮೈಕ್ ಬಂತು, ಮೆತ್ತಗೆ ಹಾಡಿದರೂ ಹಿಡಿಯುವ ಕಾಲ ಬಂತು. ತುತ್ತೂರಿಗೆ ಮುಖ ಕೊಟ್ಟು ಹಾಡಿದ ತಲೆಮಾರಿನವರ ಕಡೆ ಕಂಪನಿಗಳು ತಿರುಗಿ ನೋಡುವ ಅಗತ್ಯ ಕಡಿಮೆಯಾಯಿತು.

ಆಗ ಕರೆದದ್ದು ಮೈಸೂರು. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಕರ್ನಾಟಕ ಸಂಗೀತದ ಮನೆಯಾದರೂ ಉತ್ತರದವರಿಗೆ ಅಲ್ಲಿ ಬಾಗಿಲು ಮುಚ್ಚಿರಲಿಲ್ಲ. ಅಬ್ದುಲ್ ಕರೀಂ ಖಾನರು ಮೈಸೂರಿಗೆ ಹೋಗಿ ಬರುವ ದಾರಿಯಲ್ಲಿ ಧಾರವಾಡದಲ್ಲಿ ತಂಗಿದ್ದರಿಂದಲೇ ನಮಗೆ ಸವಾಯಿ ಗಂಧರ್ವರ ಪರಂಪರೆ ಸಿಕ್ಕಿತು. 1928ರ ಆಗಸ್ಟ್ 1ರಿಂದ ಗೌಹರ್ ಜಾನ್ ಅರಮನೆಯ ಸಂಗೀತಗಾರ್ತಿಯಾಗಿ ನೇಮಕಗೊಂಡಳು. ತಿಂಗಳ ಸಂಬಳ ಐನೂರು ರೂಪಾಯಿ. ಇರಲು ದಿಲ್‌ಖುಷ್ ಕಾಟೇಜ್ ಎಂಬ ಮನೆ ಕೊಟ್ಟರು. ಆ ಕಾಲಕ್ಕೆ ಒಳ್ಳೆಯ ಸಂಬಳವೇ. ಒಂದು ರಾತ್ರಿಗೆ ಅದಕ್ಕಿಂತ ಹೆಚ್ಚು ಎಣಿಸಿಕೊಂಡಿದ್ದವಳಿಗೆ ಅದು ಹೇಗೆ ಕಂಡಿತೋ.

ಆಕೆಗೆ ಆಗ 55 ವರ್ಷ. ಭಾಷೆ ಬೇರೆ, ಊಟ ಬೇರೆ, ಸಂಗೀತ ಪದ್ಧತಿಯೇ ಬೇರೆ. ಹೊಸ ಊರಿಗೆ ಹೋಗಿ ಸಂಬಳದ ಮೇಲೆ ಬದುಕು ಕಟ್ಟುವುದು ಏನೆಂದು ನಮ್ಮಂಥ ಹೊರನಾಡಿನವರಿಗೆ ತಿಳಿಯದ್ದಲ್ಲ. ನಾನು ಇಪ್ಪತ್ತೈದಕ್ಕೆ ಹೈದರಾಬಾದಿಗೆ ಬಂದೆ. ಬೇಜಾರಾದರೆ ಕಾಚಿಗುಡದಲ್ಲಿ ರೈಲು ಹತ್ತಿದರೆ ಮರುದಿನ ಮೈಸೂರು. ಆಕೆಗೆ ಹತ್ತಿ ಹೋಗಲು ಅಂಥ ಊರು ಒಂದೂ ಉಳಿದಿರಲಿಲ್ಲ. ಹುಟ್ಟಿದ ಆಜಂಗಢ, ಹೆಸರು ಕೊಟ್ಟ ಬನಾರಸ್, ಮನೆ ಕಳೆದುಕೊಂಡ ಕಲ್ಕತ್ತಾ, ಎಲ್ಲವೂ ಹಿಂದೆ ಬಿದ್ದಿದ್ದವು. ನೇಮಕವಾದ ಹದಿನೇಳೂವರೆ ತಿಂಗಳಿಗೆ, 1930ರ ಜನವರಿ 17ರಂದು, ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ಆಕೆ ತೀರಿಕೊಂಡಳು. ವಯಸ್ಸು 56. ಮೈಸೂರಿನ ಮಣ್ಣಿನಲ್ಲಿ ಆಕೆಯನ್ನು ಎಲ್ಲಿ ಇಟ್ಟರೆಂಬುದಕ್ಕೆ ಇವತ್ತು ಗುರುತಿಲ್ಲ. ಬೆಂಗಳೂರಿನವರಾದ ವಿಕ್ರಂ ಸಂಪತ್ ಆಕೆಯ ಜೀವನಚರಿತ್ರೆ ಪ್ರಕಟಿಸಿದ್ದು 2010ರಲ್ಲಿ, ಆಕೆ ಸತ್ತ ಎಂಬತ್ತು ವರ್ಷದ ಮೇಲೆ.

ಇದನ್ನು ಹೈದರಾಬಾದಿನಲ್ಲಿ ಕೂತು ಯೋಚಿಸುವಾಗ ಇನ್ನೊಬ್ಬಳು ನೆನಪಾಗುತ್ತಾಳೆ. ನಿಜಾಮರ ಕಾಲದ ಗಾಯಕಿ, ನರ್ತಕಿ, ಉರ್ದು ಕವಯಿತ್ರಿ ಮಹಲಖಾ ಬಾಯಿ ಚಂದಾ. 1768ರಲ್ಲಿ ಹುಟ್ಟಿ 1824ರಲ್ಲಿ ತೀರಿಕೊಂಡವಳು. ಮೌಲಾ ಅಲಿ ಗುಡ್ಡದ ಬುಡದಲ್ಲಿ ತನ್ನ ತಾಯಿಗೆಂದು ಆಕೆ ಕಟ್ಟಿಸಿದ ಗೋರಿ ಇದೆ, ಅಲ್ಲೇ ಆಕೆಯನ್ನೂ ಮಣ್ಣು ಮಾಡಿದ್ದಾರೆ. ಸುಮಾರು ಹದಿನೈದು ವರ್ಷದ ಹಿಂದೆ ಅದನ್ನು ದುರಸ್ತಿ ಮಾಡಿಸಿದರು. ಒಂದು ಶನಿವಾರ ಮಗಳನ್ನು ಕರೆದುಕೊಂಡು ಹೋಗಿದ್ದೆ. ಕಮಾನುಗಳ ನೆರಳಿನಲ್ಲಿ ಕೂತು, ಇದು ಹಾಡು ಹೇಳುತ್ತಿದ್ದ ಒಬ್ಬ ಅಜ್ಜಿಯ ಮನೆ ಎಂದೆ. ನಿಮ್ಮ ತಟ್ಟೆಯಲ್ಲಿ ಹಾಡುವ ಅಜ್ಜಿಯ ಮನೆ ಎಲ್ಲಿ ಎಂದು ಮಗಳು ಕೇಳಿದಳು. ಮೈಸೂರಿನಲ್ಲಿ ಎಂದೆ. ತೋರಿಸು ಎಂದರೆ ತೋರಿಸಲು ನನ್ನ ಹತ್ತಿರ ಏನೂ ಇಲ್ಲ.

ಮಹಲಖಾಳ ದನಿ ಹೇಗಿತ್ತೆಂದು ಯಾರಿಗೂ ತಿಳಿಯದು, ಕಲ್ಲು ಉಳಿದಿದೆ. ಗೌಹರ್‌ಗೆ ಕಲ್ಲಿಲ್ಲ, ದನಿ ಉಳಿದಿದೆ. ಆ ದನಿ ಇರುವುದು ಅರಗಿನ ತಟ್ಟೆಗಳಲ್ಲಿ, ಅವು ಇರುವುದು ನಮ್ಮಂಥವರ ಅಟ್ಟಗಳಲ್ಲಿ, ಗುಜರಿ ಅಂಗಡಿಗಳಲ್ಲಿ. ಹಾಗಾಗಿ ಒಂದು ತಟ್ಟೆಯ ಒಳಸುತ್ತನ್ನು ಹಾಳು ಮಾಡಿಕೊಂಡ ಮೇಲೆ ನಾನು ಕಲಿತದ್ದನ್ನು ಬರೆಯುತ್ತೇನೆ, ನಿಮ್ಮ ಮನೆಯ ಪೆಟ್ಟಿಗೆಗಾದರೂ ಉಪಯೋಗಕ್ಕೆ ಬರಲಿ.

ತೂಕದ, ಬಾಗದ ಹಳೆಯ ತಟ್ಟೆಗೆ ಸ್ಪಿರಿಟ್, ಸ್ಯಾನಿಟೈಸರ್, ಗಾಜು ಒರೆಸುವ ದ್ರಾವಣ ಯಾವುದೂ ಬೇಡ. ಡಿಸ್ಟಿಲ್ಡ್ ನೀರಿಗೆ ಒಂದು ತೊಟ್ಟು ಸೌಮ್ಯ ಸೋಪು ಸಾಕು. ಮೆತ್ತನೆಯ ಬ್ರಷ್ಷಿನಿಂದ ಗೆರೆಯ ಸುತ್ತಿನ ದಿಕ್ಕಿನಲ್ಲೇ ಉಜ್ಜಬೇಕು, ಅಡ್ಡಡ್ಡ ಅಲ್ಲ. ಲೇಬಲ್ ನೆನೆಯಬಾರದು. ಮತ್ತೆ ಬರೀ ನೀರಿನಲ್ಲಿ ಒರೆಸಿ, ನೆರಳಿನಲ್ಲಿ ಒಣಗಿಸಬೇಕು. ಬಿಸಿಲು ಅರಗಿನ ಶತ್ರು. ಹೈದರಾಬಾದಿನ ಮೇ ತಿಂಗಳಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ತಟ್ಟೆ ಬಿಟ್ಟರೆ ಹಪ್ಪಳವಾಗುತ್ತದೆ. ಒಂದರ ಮೇಲೊಂದು ಪೇರಿಸಿದರೆ ಅಡಿಯದು ಸೀಳುತ್ತದೆ. ಪ್ರತಿಯೊಂದಕ್ಕೂ ಕಾಗದದ ಕವರು ಹಾಕಿ ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಬೇಕು, ವಾಲಬಾರದು. ಕೈ ಜಾರಿದರೆ ಮುಗಿಯಿತು. ವಿನೈಲ್ ಪುಟಿಯುತ್ತದೆ, ಅರಗು ಬಳೆಯಂತೆ ಚೂರಾಗುತ್ತದೆ.

ಹಾಕಿ ಕೇಳುವಾಗಲೂ ಎಚ್ಚರ ಬೇಕು. ಎಲ್‌ಪಿಯ ಮುಳ್ಳು ಇದಕ್ಕೆ ಆಗದು. 78ರ ಗೆರೆ ಎಲ್‌ಪಿಗಿಂತ ಮೂರು ಪಟ್ಟು ಅಗಲ, ಸಣ್ಣ ಮುಳ್ಳು ತಳ ಕೆರೆಯುತ್ತಾ ಹೋಗುತ್ತದೆ. 78ರದೇ ಮುಳ್ಳನ್ನು ಹಾಕಬೇಕು. ಕೀ ಕೊಡುವ ಹಳೆಯ ಗ್ರಾಮಾಫೋನಾದರೆ ಒಂದು ಮುಖಕ್ಕೆ ಒಂದು ಉಕ್ಕಿನ ಮುಳ್ಳು. ತಟ್ಟೆಯೊಳಗಿನ ಕಲ್ಲಿನ ಪುಡಿ ಮುಳ್ಳನ್ನು ಸವೆಸಿ ಗೆರೆಗೆ ಹೊಂದಿಸುತ್ತದೆ. ಸವೆದ ಮುಳ್ಳನ್ನು ಇನ್ನೊಂದು ತಟ್ಟೆಗೆ ಹಾಕಿದರೆ ಅದು ಉಳಿಯಂತೆ ಕೊರೆಯುತ್ತದೆ. ಇನ್ನೊಂದು ಮಾತು. 78 ಎಂದು ಕರೆದರೂ ಮೊದಮೊದಲ ತಟ್ಟೆಗಳ ವೇಗ ಒಂದೇ ಸಮ ಇರಲಿಲ್ಲ. ಸ್ವಲ್ಪ ಹೆಚ್ಚಾದರೂ ಶ್ರುತಿ ಏರಿ ಗಾಯಕಿಯ ದನಿ ಚಿಕ್ಕ ಹುಡುಗಿಯದಾಗುತ್ತದೆ. ಕಿವಿಯಿಂದಲೇ ಹೊಂದಿಸಿಕೊಳ್ಳಬೇಕು. ಏನೂ ಮಾಡಲಾಗದವರು ಕೊನೆಗೆ ಗುಜರಿಗೆ ಹಾಕುವ ಮೊದಲು ಲೇಬಲ್ಲಿನ ಫೋಟೊ ತೆಗೆದು ಒಬ್ಬ ಸಂಗ್ರಾಹಕನಿಗಾದರೂ ತೋರಿಸಿ. ಮುಂಬೈಯಲ್ಲಿ ಇಂಥವರ ಸಂಘವೇ ಇದೆ. ವಿಕ್ರಂ ಸಂಪತ್ ಶುರು ಮಾಡಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಹಳೆಯ ತಟ್ಟೆಗಳನ್ನು ಡಿಜಿಟಲ್ ಮಾಡಿ ಎಲ್ಲರಿಗೂ ಕೇಳಲು ಇಟ್ಟಿದೆ.

ನನ್ನ ತಟ್ಟೆಯನ್ನು ಸರಿಯಾಗಿ ತೊಳೆದು, ಸರಿಯಾದ ಮುಳ್ಳು ತರಿಸಿ ಹಾಕುವಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು. ಮೊದಲು ಮಳೆ ಸುರಿದಂಥ ಸದ್ದು. ಅದರ ಹಿಂದಿನಿಂದ ಸಾರಂಗಿ, ಆಮೇಲೆ ತೀಕ್ಷ್ಣವಾದ, ಯಾರಿಗೂ ಹೆದರದ ಹೆಣ್ಣು ದನಿ. ಎರಡೂವರೆ ನಿಮಿಷ ಚೆನ್ನಾಗಿಯೇ ಬಂತು. ನಾನು ಒರೆಸಿದ ಒಳಸುತ್ತಿಗೆ ಮುಳ್ಳು ಬಂದಾಗ ಮಳೆ ಜೋರಾಯಿತು. ಹಾಡು ಅದರಲ್ಲಿ ಮುಳುಗಿತು. ಕೊನೆಗೆ ಏನೋ ಒಂದು ಕೂಗು ಕೇಳಿತು. ಗೌಹರ್ ಎಂಬಷ್ಟು ಗೊತ್ತಾಗುತ್ತದೆ, ಮಿಕ್ಕದ್ದನ್ನು ಊಹಿಸಿಕೊಳ್ಳಬೇಕು. ಮಗಳು ಮಾತ್ರ ತನಗೆ ಪೂರ್ತಿ ಕೇಳಿಸಿತು ಎಂದು ಹಟ ಹಿಡಿದಿದ್ದಾಳೆ.

ಇದನ್ನು ಫೋನಿನಲ್ಲಿ ಅಪ್ಪನಿಗೆ ಕೇಳಿಸಿದೆ. ಅಪ್ಪ ಸುಮ್ಮನಿದ್ದು, ತಾತ ಸಂಜೆ ಹೊತ್ತು ಹಾಕುತ್ತಿದ್ದ ಒಂದು ಪ್ಲೇಟಿನ ಕೊನೆಯಲ್ಲೂ ಹೀಗೇ ಯಾರೋ ಇಂಗ್ಲಿಷಿನಲ್ಲಿ ಏನೋ ಹೇಳಿ ಮುಗಿಸುತ್ತಿದ್ದರು, ನಾವು ಹುಡುಗರು ಅದನ್ನು ಅಣಕಿಸುತ್ತಿದ್ದೆವು ಎಂದರು. ಅದು ಇವಳದೇ ಎಂದು ಹೇಳಲಾರೆ. ಆ ಕಾಲದಲ್ಲಿ ಹಾಗೆ ಹೆಸರು ಕೂಗಿದವರು ಬಹಳ ಜನ. ಪೆಟ್ಟಿಗೆ ಇದ್ದಿದ್ದರೆ ನೋಡಬಹುದಿತ್ತು.

ಈ ದಸರೆಗೆ ಊರಿಗೆ ಹೋಗುವಾಗ ತಟ್ಟೆಯನ್ನು ಜೊತೆಗೆ ಒಯ್ಯುತ್ತಿದ್ದೇನೆ. ಸೂಟ್‌ಕೇಸಿನಲ್ಲಿ ಹಾಕುವುದಿಲ್ಲ, ಕಾಚಿಗುಡದಿಂದ ಮೈಸೂರಿನವರೆಗೆ ತೊಡೆಯ ಮೇಲೆ ಇಟ್ಟುಕೊಂಡೇ ಕೂರಬೇಕು. ಅಪ್ಪ ಯಾರದೋ ಮನೆಯಿಂದ ಕೀ ಕೊಡುವ ಗ್ರಾಮಾಫೋನು ಕೇಳಿಟ್ಟಿದ್ದಾರಂತೆ. ಹೊಸ ಮುಳ್ಳಿನ ಡಬ್ಬಿ ನಾನು ತೆಗೆದುಕೊಂಡಿದ್ದೇನೆ.